ಗಾಳಿಯ ಲೆಕ್ಕಕ್ಕೆ ಬರೆದ ಬೆಂಕಿ

ಇಟೊಯಿಗಾವಾ ರೈಲು ನಿಲ್ದಾಣದ ಉತ್ತರ ಬಾಗಿಲಿನಿಂದ ಹೊರಬಂದರೆ ಎದುರಿಗೇ ಹಳೆಯ ಪೇಟೆ. ಪೇಟೆ ದಾಟಿದರೆ ಜಪಾನ್ ಸಮುದ್ರ. ನೀಗಾತಾ ಪ್ರಾಂತ್ಯದ ಈ ಊರಿನ ಜನಸಂಖ್ಯೆ ಐವತ್ತು ಸಾವಿರವನ್ನೂ ಮುಟ್ಟುವುದಿಲ್ಲ. ಇಲ್ಲಿನ ಪಚ್ಚೆ ಬಣ್ಣದ ಜೇಡ್ ಕಲ್ಲು ಇಡೀ ಜಪಾನಿಗೆ ಪರಿಚಿತ. 2015ರ ಮಾರ್ಚ್‌ನಲ್ಲಿ ಹೊಕುರಿಕು ಶಿಂಕಾನ್ಸೆನ್ ಬುಲೆಟ್ ರೈಲು ಇಲ್ಲಿ ನಿಲ್ಲತೊಡಗಿದಾಗ, ಸೊರಗುತ್ತಿದ್ದ ಪೇಟೆಗೆ ಮತ್ತೆ ಜೀವ ಬರಬಹುದೆಂದು ವ್ಯಾಪಾರಿಗಳು ಆಸೆಪಟ್ಟಿದ್ದರು. ಆ ಆಸೆಗೆ ಎರಡು ವರ್ಷ ತುಂಬುವ ಮೊದಲೇ ಪೇಟೆಯ ದೊಡ್ಡ ಭಾಗ ಬೂದಿಯಾಯಿತು.

2016ರ ಡಿಸೆಂಬರ್ 22, ಗುರುವಾರ. ಬೆಳಿಗ್ಗೆ 10.20ರ ಸುಮಾರಿಗೆ ಪೇಟೆಯ ಒಂದು ಸಣ್ಣ ಚೀನೀ ಹೋಟೆಲಿನ ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಒಲೆಯ ಮೇಲೆ ಪಾತ್ರೆ ಇತ್ತು, ಹತ್ತಿರ ಯಾರೂ ಇರಲಿಲ್ಲ. ಒಲೆ ಆರಿಸುವುದನ್ನು ಮರೆತು ಮಾಲೀಕರು ಹೊರಗೆ ಹೋಗಿದ್ದರು. 10.28ಕ್ಕೆ ಅಗ್ನಿಶಾಮಕ ಕಚೇರಿಗೆ ಮೊದಲ ಕರೆ ಬಂತು. ಬೇರೆ ದಿನವಾಗಿದ್ದರೆ ಒಂದು ಹೋಟೆಲು, ಹೆಚ್ಚೆಂದರೆ ಅಕ್ಕಪಕ್ಕದ ಒಂದೆರಡು ಮನೆ ಸುಟ್ಟು ಸಂಗತಿ ಅಲ್ಲಿಗೇ ಮುಗಿಯುತ್ತಿತ್ತು. ಅಂದು ಹಾಗಾಗದಿರಲು ಕಾರಣ ಗಾಳಿ.

ಊರಿನ ದಕ್ಷಿಣಕ್ಕೆ ಎತ್ತರದ ಬೆಟ್ಟಸಾಲು. ಅವುಗಳ ನಡುವೆ ಹಿಮೆಕಾವಾ ನದಿಯ ಕಣಿವೆ. ಬೆಟ್ಟ ಹತ್ತಿಳಿಯುವಾಗ ತೇವ ಕಳೆದುಕೊಂಡು, ಬಿಸಿಯೇರಿ, ಕಣಿವೆಯೊಳಗಿಂದ ಸಮುದ್ರದ ಕಡೆಗೆ ನುಗ್ಗುವ ಒಣಗಾಳಿಯನ್ನು ಇಲ್ಲಿನವರು ‘ದಾಶಿ’ ಎಂದು ಕರೆಯುತ್ತಾರೆ. ಆ ಬೆಳಿಗ್ಗೆ ಅದರ ವೇಗ ಆಗಾಗ ಸೆಕೆಂಡಿಗೆ 24 ಮೀಟರನ್ನೂ ಮೀರುತ್ತಿತ್ತು. ಎಂದರೆ ಗಂಟೆಗೆ 85 ಕಿಲೋಮೀಟರಿಗಿಂತ ಹೆಚ್ಚು. ಡಿಸೆಂಬರ್ ಕೊನೆಯಲ್ಲಿ ಹಿಮ ಬೀಳಬೇಕಾದ ಊರಿನಲ್ಲಿ ಬೆಚ್ಚನೆಯ ಒಣಹವೆ ಆವರಿಸಿತ್ತು.

ನಿಲ್ದಾಣ ಇದ್ದದ್ದು ಬೆಂಕಿಯ ದಕ್ಷಿಣಕ್ಕೆ. ಗಾಳಿ ಬೀಸಿದ್ದು ಉತ್ತರಕ್ಕೆ. ಹಾಗಾಗಿ ನಿಲ್ದಾಣ ಉಳಿಯಿತು, ಅದಕ್ಕೂ ಸಮುದ್ರಕ್ಕೂ ನಡುವಿನ ಪೇಟೆ ಬೆಂಕಿಗೆ ಸಿಕ್ಕಿತು. ಹೋಟೆಲಿನಿಂದ ಕಡಲ ತೀರಕ್ಕೆ ಸುಮಾರು 300 ಮೀಟರ್ ದೂರ. ಅಷ್ಟು ಜಾಗದಲ್ಲಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಹಳೆಯ ಮರದ ಮನೆಗಳು, ಅಂಗಡಿಗಳು, ಹಿಮ ಬಿದ್ದಾಗಲೂ ಜನ ನಡೆದಾಡಲೆಂದು ಅಂಗಡಿಗಳ ಮುಂದೆ ಸಾಲಾಗಿ ಇಳಿಸಿದ ‘ಗಾಂಗಿ’ ಎಂಬ ಮರದ ಚಾವಡಿಗಳು. ಬೆಂಕಿ ಮನೆಯಿಂದ ಮನೆಗೆ ತೆವಳಿದ್ದಕ್ಕಿಂತ ಹಾರಿದ್ದೇ ಹೆಚ್ಚು. ಗಾಳಿ ಹೊತ್ತು ತಂದ ಕೆಂಡಗಳು ಹಳೆಯ ಹೆಂಚುಗಳ ಸಂದಿಯಲ್ಲಿ ನುಸುಳಿ ಅಡಿಯ ಹಲಗೆಗೆ ತಗುಲಿದವು. ಮುಂದಿನ ಬೀದಿಯಲ್ಲಿ ನೀರು ಹಾಯಿಸುತ್ತಿದ್ದಾಗ ಅದರಾಚೆಯ ಬೀದಿಯ ಮಾಳಿಗೆ ಒಳಗಿಂದ ಹೊತ್ತಿಕೊಳ್ಳುತ್ತಿತ್ತು. ಹೀಗೆ ಹತ್ತಕ್ಕೂ ಹೆಚ್ಚು ಕಡೆ ಹೊಸದಾಗಿ ಬೆಂಕಿ ಎದ್ದಿತು.

ಸಣ್ಣ ಊರಿನ ಅಗ್ನಿಶಾಮಕ ದಳಕ್ಕೆ ಇದು ಮೀರಿದ ಕೆಲಸ. ದಳದ ಕೈಯಲ್ಲಿದ್ದ ವಾಹನಗಳು ಕೆಲವೇ. ಊರವರೇ ಸೇರಿರುವ ಸ್ವಯಂಸೇವಕ ಅಗ್ನಿಶಾಮಕ ಪಡೆ ಜೊತೆಗೂಡಿತು. ಆಮೇಲೆ ನೀಗಾತಾದ ಬೇರೆ ಊರುಗಳಿಂದಲೂ ನೆರೆಯ ತೊಯಾಮಾ, ನಾಗಾನೊ ಪ್ರಾಂತ್ಯಗಳಿಂದಲೂ ವಾಹನಗಳು ಬಂದವು. ನೀರು ಸಾಲದೆ ಹೋದಾಗ ಸ್ಥಳೀಯ ಕಾಂಕ್ರೀಟ್ ಕಂಪನಿಗಳ ಮಿಕ್ಸರ್ ಲಾರಿಗಳು ಸಿಮೆಂಟಿನ ಬದಲು ನೀರು ತುಂಬಿಕೊಂಡು ಬಂದವು. ಪ್ರವಾಹದ ನೀರು ಹೊರಹಾಕಲೆಂದು ಕೇಂದ್ರ ಸರ್ಕಾರದ ಭೂ ಹಾಗೂ ಸಾರಿಗೆ ಸಚಿವಾಲಯ ಇಟ್ಟುಕೊಂಡಿದ್ದ ಪಂಪ್ ವಾಹನಗಳು ನೀರು ಒದಗಿಸಲು ನಿಂತವು. ನೀಗಾತಾ ಗವರ್ನರ್ ರ್‍ಯುಇಚಿ ಯೊನೆಯಾಮಾ ಸೇನೆಯ ನೆರವು ಕೋರಿದರು. ರಾತ್ರಿ 8.50ಕ್ಕೆ ಬೆಂಕಿ ಹತೋಟಿಗೆ ಬಂತು. ಪೂರ್ತಿ ಆರಿದ್ದು ಮರುದಿನ ಸಂಜೆ 4.30ಕ್ಕೆ, ಹೊತ್ತಿದ ಮೂವತ್ತು ಗಂಟೆಗಳ ಬಳಿಕ.

ಸುಮಾರು 40,000 ಚದರ ಮೀಟರ್ ಪೇಟೆ, ನಮ್ಮ ಅಳತೆಯಲ್ಲಿ ಹತ್ತಿರಹತ್ತಿರ ಹತ್ತು ಎಕರೆ, ಸುಟ್ಟಿತ್ತು. 147 ಕಟ್ಟಡಗಳಿಗೆ ಬೆಂಕಿ ತಗುಲಿತ್ತು, ಅದರಲ್ಲಿ 120 ಪೂರ್ತಿ ನಾಶವಾಗಿದ್ದವು. 1650ರಲ್ಲಿ ಶುರುವಾದ, ಪ್ರಾಂತ್ಯದಲ್ಲೇ ಅತಿ ಹಳೆಯದೆನಿಸಿದ ‘ಕಾಗಾನೊಇ’ ಸಾಕೆ ತಯಾರಿಕಾ ಮನೆ ಚಳಿಗಾಲದ ಮದ್ಯ ತಯಾರಿಯ ನಡುವೆಯೇ ಸುಟ್ಟುಹೋಯಿತು. ಎರಡು ಶತಮಾನ ಹಳೆಯ ‘ತ್ಸುರುಕಿಯಾ’ ಭೋಜನಶಾಲೆಯೂ ಹೋಯಿತು. 17 ಮಂದಿಗೆ ಗಾಯಗಳಾದವು, ಅವರಲ್ಲಿ ಹೆಚ್ಚಿನವರು ಬೆಂಕಿಯೊಡನೆ ಸೆಣಸಿದವರೇ.

ಒಂದು ಜೀವವೂ ಹೋಗಲಿಲ್ಲ.

ಇದಕ್ಕೆ ಹಗಲು ಹೊತ್ತು ಒಂದು ಕಾರಣ. ಇನ್ನೊಂದು, ನಗರಾಡಳಿತ ಮಧ್ಯಾಹ್ನವಾಗುತ್ತಲೇ ಜನರನ್ನು ತೆರವುಗೊಳಿಸಲು ಮುಂದಾದದ್ದು. ಮೊದಲು ಗಾಳಿಯ ದಾರಿಯಲ್ಲಿದ್ದ ಬೀದಿಗಳಿಗೆ, ಸಂಜೆ ಇನ್ನಷ್ಟು ಬೀದಿಗಳಿಗೆ, ಒಟ್ಟು 363 ಕುಟುಂಬಗಳ 744 ಜನರಿಗೆ ಮನೆ ಬಿಡುವಂತೆ ಸೂಚನೆ ಹೋಯಿತು. ಬೀದಿಬೀದಿಯ ಧ್ವನಿವರ್ಧಕಗಳಲ್ಲಿ ಪ್ರಕಟಣೆ ಕೇಳಿತು. ಅದಕ್ಕಿಂತ ಮೊದಲೇ ನೆರೆಯವರು ನೆರೆಯವರ ಬಾಗಿಲು ಬಡಿದಿದ್ದರು. ವಯಸ್ಸಾದವರೇ ಹೆಚ್ಚಿದ್ದ ಆ ಪೇಟೆಯಲ್ಲಿ ಯಾರು ಒಂಟಿಯಾಗಿದ್ದಾರೆ, ಯಾರಿಗೆ ಕಿವಿ ಕೇಳುವುದಿಲ್ಲ ಎಂಬುದು ಅಕ್ಕಪಕ್ಕದವರಿಗೆ ಗೊತ್ತಿತ್ತು.

ಹೀಗೆ ಬೆಂಕಿಗೆ ಸಿಕ್ಕ 145 ಕುಟುಂಬಗಳ 260 ಜನ ಜೀವ ಉಳಿಸಿಕೊಂಡು ಹೊರಬಂದರು. 56 ಅಂಗಡಿ ಮತ್ತು ಉದ್ಯಮಗಳವರು ಬದುಕಿನ ದಾರಿ ಕಳೆದುಕೊಂಡರು. ಹೊಸ ವರ್ಷಕ್ಕೆ ಒಂಬತ್ತು ದಿನ ಉಳಿದಿತ್ತು. ಇವರಿಗೆ ಆದ ನಷ್ಟವನ್ನು ತುಂಬಿಕೊಡುವವರು ಯಾರು?

ಜಪಾನಿನ ಕಾನೂನು ಕೊಡುವ ಸಹಜ ಉತ್ತರ: ಯಾರೂ ಇಲ್ಲ. 1899ರ ಒಂದು ಚಿಕ್ಕ ಕಾಯ್ದೆ ಅಲ್ಲಿ ಇಂದಿಗೂ ಜಾರಿಯಲ್ಲಿದೆ. ಅಜಾಗರೂಕತೆಯಿಂದ ಒಬ್ಬರ ಮನೆಗೆ ಬೆಂಕಿ ಬಿದ್ದು ಅದು ನೆರೆಮನೆಗೆ ಹರಡಿದರೆ, ತಪ್ಪು ತೀರಾ ಘೋರವಾಗಿದ್ದಲ್ಲದೆ ನಷ್ಟಪರಿಹಾರ ಕೇಳುವಂತಿಲ್ಲ. ಮರ ಮತ್ತು ಕಾಗದದಲ್ಲಿ ಮನೆ ಕಟ್ಟಿಕೊಂಡ ಊರುಗಳಲ್ಲಿ ಒಂದು ದೀಪ ಉರುಳಿದರೆ ಇಡೀ ಕೇರಿ ಹೋಗುತ್ತಿತ್ತು. ತನ್ನ ಮನೆಯನ್ನೂ ಕಳೆದುಕೊಂಡವನ ಮೇಲೆ ಕೇರಿಯ ನಷ್ಟವನ್ನೆಲ್ಲ ಹೊರಿಸಿದರೆ ಅವನು ತೀರಿಸುವ ಮಾತೆಲ್ಲಿ? ಕಾಯ್ದೆಯ ಹಿಂದಿದ್ದ ಯೋಚನೆ ಇದು. ಆದ್ದರಿಂದ ಬೆಂಕಿ ವಿಮೆಯನ್ನು ಪ್ರತಿಯೊಬ್ಬರೂ ತಮ್ಮ ಮನೆಗೆ ತಾವೇ ಮಾಡಿಸಿಕೊಳ್ಳಬೇಕು. ಇಲ್ಲದವರಿಗೆ, ಇದ್ದರೂ ಹಳೆಯ ಮನೆಯ ಬೆಲೆಗಷ್ಟೇ ಮಾಡಿಸಿದವರಿಗೆ, ಹೊಸ ಸೂರು ಕೈಗೆಟುಕದ ಮಾತು.

ದೊಡ್ಡ ಬೆಂಕಿಗಳಿಗೆ ಜಪಾನ್ ಸರ್ಕಾರ ಹಿಂದೆಯೂ ಸ್ಪಂದಿಸಿತ್ತು, ಆದರೆ ಕಟ್ಟಡಗಳ ಮೂಲಕ. 1952ರ ಏಪ್ರಿಲ್‌ನಲ್ಲಿ ತೊತ್ತೊರಿ ನಗರದಲ್ಲಿ, ಅಲ್ಲೂ ದಕ್ಷಿಣದ ಒಣಗಾಳಿ ಬೀಸುತ್ತಿದ್ದಾಗ, ಐದು ಸಾವಿರಕ್ಕೂ ಹೆಚ್ಚು ಮನೆಗಳು ಸುಟ್ಟವು. ಅದೇ ವರ್ಷ ಬೆಂಕಿ ತಾಳುವ ಕಟ್ಟಡಗಳಿಗೆ ಸಹಾಯಧನ ಕೊಡುವ ಕಾಯ್ದೆ ಬಂತು. ಮುಖ್ಯ ಬೀದಿಯುದ್ದಕ್ಕೂ ಕಾಂಕ್ರೀಟ್ ಕಟ್ಟಡಗಳ ಸಾಲು ಎಬ್ಬಿಸಿ ಬೆಂಕಿಗೆ ಅಡ್ಡಗೋಡೆ ಮಾಡುವುದು ಅದರ ಉದ್ದೇಶ. 1976ರ ಅಕ್ಟೋಬರ್‌ನಲ್ಲಿ ಯಾಮಾಗಾತಾ ಪ್ರಾಂತ್ಯದ ಸಾಕಾತಾದಲ್ಲಿ ಸಿನಿಮಾ ಮಂದಿರವೊಂದರಿಂದ ಹಬ್ಬಿದ ಬೆಂಕಿ 1,774 ಕಟ್ಟಡಗಳನ್ನು ನುಂಗಿತು. ಅಲ್ಲಿ ನಿವೇಶನಗಳನ್ನು ಮರುಹಂಚಿ, ಅಗಲ ರಸ್ತೆ ಬಿಟ್ಟು, ಪೇಟೆಯನ್ನು ಹೊಸದಾಗಿ ಕಟ್ಟಲಾಯಿತು. ಭೂಕಂಪದಿಂದ ಹೊತ್ತಿದ ಬೆಂಕಿಗಳನ್ನು ಬಿಟ್ಟರೆ, ನಗರ ಪ್ರದೇಶದಲ್ಲಿ ಸಾಕಾತಾದ ನಂತರ 2016ರವರೆಗೆ ನಡೆದ ಇಷ್ಟು ದೊಡ್ಡ ಅಗ್ನಿ ಅನಾಹುತ ಇಟೊಯಿಗಾವಾದ್ದೇ. ತೊತ್ತೊರಿ, ಸಾಕಾತಾ ಎರಡೂ ಕಡೆ ಸರ್ಕಾರ ರಸ್ತೆ ಮತ್ತು ಗೋಡೆಗೆ ಹಣ ಕೊಟ್ಟಿತ್ತು. ಮನೆ ಕಳೆದುಕೊಂಡವರ ಕೈಗೆ ನೇರವಾಗಿ ದುಡ್ಡು ಕೊಡುವ ದಾರಿ ಆಗಿನ್ನೂ ಇರಲಿಲ್ಲ.

ಆ ದಾರಿ ತೆರೆದದ್ದು ಕೋಬೆ ಭೂಕಂಪ. 1995ರ ಜನವರಿ 17ರಂದು ಆರು ಸಾವಿರಕ್ಕೂ ಹೆಚ್ಚು ಜನ ಸತ್ತು ಲಕ್ಷಾಂತರ ಮಂದಿ ಮನೆ ಕಳೆದುಕೊಂಡಾಗ, ಖಾಸಗಿ ಆಸ್ತಿಯ ನಷ್ಟಕ್ಕೆ ತೆರಿಗೆ ಹಣ ಕೊಡಲಾಗದು ಎಂಬುದು ಸರ್ಕಾರದ ನಿಲುವಾಗಿತ್ತು. ಭೂಕಂಪವನ್ನು ಸ್ವತಃ ಅನುಭವಿಸಿದ್ದ ಲೇಖಕ ಮಕೊತೊ ಓದಾ ಮತ್ತು ಸಂಗಡಿಗರು ಆ ನಿಲುವಿನ ವಿರುದ್ಧ ಬೀದಿಗಿಳಿದರು, ಸಂಸದರನ್ನು ಒಟ್ಟುಗೂಡಿಸಿದರು. 1998ರಲ್ಲಿ ‘ವಿಪತ್ತು ಸಂತ್ರಸ್ತರ ಜೀವನ ಪುನರ್ನಿರ್ಮಾಣ ಬೆಂಬಲ ಕಾಯ್ದೆ’ ಪಾಸಾಯಿತು. ಪ್ರಾಂತ್ಯಗಳೆಲ್ಲ ಸೇರಿ ಕಟ್ಟಿದ ನಿಧಿ, ಅದಕ್ಕೆ ಕೇಂದ್ರದ ಪಾಲು. 2007ರ ತಿದ್ದುಪಡಿಯ ಬಳಿಕ, ಮನೆ ಪೂರ್ತಿ ನಾಶವಾಗಿ ಹೊಸದು ಕಟ್ಟುವ ಕುಟುಂಬಕ್ಕೆ ಹೆಚ್ಚೆಂದರೆ 30 ಲಕ್ಷ ಯೆನ್. 2016ರ ಕೊನೆಯ ವಿನಿಮಯ ದರದಲ್ಲಿ ಅದು ಸುಮಾರು 17 ಲಕ್ಷ ರೂಪಾಯಿ. ಯಾವ ಸಾಮಾನಿಗೆ ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನೂ ಒಪ್ಪಿಸಬೇಕಿಲ್ಲ.

ತೊಡಕು ಒಂದೇ. ಕಾಯ್ದೆ ಇರುವುದು ಪ್ರಕೃತಿ ವಿಕೋಪಕ್ಕೆ. ಬಿರುಗಾಳಿ, ಸುಂಟರಗಾಳಿ, ಭಾರೀ ಮಳೆ, ಹಿಮ, ಪ್ರವಾಹ, ಭೂಕಂಪ, ಸುನಾಮಿ, ಜ್ವಾಲಾಮುಖಿ, ಭೂಕುಸಿತ ಎಂದು ಅದರಲ್ಲಿ ಪಟ್ಟಿಯಿದೆ. ಬೆಂಕಿ ಆ ಪಟ್ಟಿಯಲ್ಲಿಲ್ಲ. ಒಲೆ ಆರಿಸಲು ಮರೆತದ್ದು ಮನುಷ್ಯನ ತಪ್ಪು. ಅದನ್ನು ಪ್ರಕೃತಿಯ ಮೇಲೆ ಹೊರಿಸುವುದು ಹೇಗೆ?

ಡಿಸೆಂಬರ್ 22ರಂದೇ, ಬೆಂಕಿ ಇನ್ನೂ ಉರಿಯುತ್ತಿದ್ದಾಗ, ನೀಗಾತಾ ಪ್ರಾಂತ್ಯ ವಿಪತ್ತು ಪರಿಹಾರ ಕಾಯ್ದೆಯನ್ನು ಜಾರಿ ಮಾಡಿತ್ತು. 1947ರ ಈ ಕಾಯ್ದೆಯಡಿ ತಂಗುದಾಣ, ಊಟ, ತಾತ್ಕಾಲಿಕ ವಸತಿಯ ಖರ್ಚು ಸರ್ಕಾರದ್ದು. ಖಾಲಿಯಿದ್ದ ಸರ್ಕಾರಿ ವಸತಿಗಳನ್ನೂ ಬಾಡಿಗೆಗೆ ಹಿಡಿದ ಖಾಸಗಿ ಮನೆಗಳನ್ನೂ ಸಂತ್ರಸ್ತರಿಗೆ ಕೊಡಲಾಯಿತು. ಟೋಕಿಯೊದಲ್ಲಿ ಪ್ರಧಾನಿ ಶಿಂಜೊ ಅಬೆ ಅವರ ಸರ್ಕಾರ ಸಂಬಂಧಪಟ್ಟ ಸಚಿವಾಲಯಗಳನ್ನು ಒಂದೆಡೆ ಕೂರಿಸಿತು. ಇದೆಲ್ಲ ಮೊದಲ ದಿನಗಳ ಆಸರೆ. ಮನೆ ಮತ್ತೆ ಕಟ್ಟುವ ಹಣದ ಪ್ರಶ್ನೆ ಹಾಗೆಯೇ ಉಳಿದಿತ್ತು.

ಅದಕ್ಕೆ ಉತ್ತರ ಬಂದದ್ದು ಡಿಸೆಂಬರ್ 30ರಂದು. ಬೆಂಕಿ ಹೊತ್ತಿಸಿದ್ದು ಒಲೆಯೇ ಇರಬಹುದು. 147 ಕಟ್ಟಡಗಳಿಗೆ ಅದನ್ನು ಹರಡಿದ್ದು ಅಸಾಧಾರಣ ಬಿರುಗಾಳಿ. ಹಾಗಾಗಿ ಇದು ಗಾಳಿಯಿಂದಾದ ಪ್ರಕೃತಿ ವಿಕೋಪ. ಈ ಆಧಾರದ ಮೇಲೆ ಜೀವನ ಪುನರ್ನಿರ್ಮಾಣ ಕಾಯ್ದೆಯನ್ನು ಇಟೊಯಿಗಾವಾಕ್ಕೆ ಅನ್ವಯಿಸಲಾಯಿತು. ಭೂಕಂಪದಂಥ ವಿಕೋಪದ ಬೆನ್ನಿಗೆ ಹುಟ್ಟಿದ್ದಲ್ಲದ ಬೆಂಕಿಗೆ ಈ ಕಾಯ್ದೆ ಅನ್ವಯವಾದದ್ದು ಅದೇ ಮೊದಲು.

ಈ ನಿರ್ಧಾರದಲ್ಲಿ ಕಾನೂನಿನ ಜಾಣ್ಮೆಗಿಂತ ದೊಡ್ಡದೊಂದು ಇದೆ. ಸಣ್ಣ ಊರಿನಲ್ಲಿ ಬೆಂಕಿ ಹೊತ್ತಿದ ಮನೆ ಯಾರದೆಂದು ಎಲ್ಲರಿಗೂ ಗೊತ್ತು. ಸರ್ಕಾರ ಕೈಕಟ್ಟಿ ಕುಳಿತಿದ್ದರೆ 260 ಜನರ ಸಿಟ್ಟು, ಸಂಕಟ ಎಲ್ಲ ಹೋಟೆಲಿನ ಮುದುಕ ಮಾಲೀಕನ ಕಡೆ ತಿರುಗುವುದಿತ್ತು. ಆತನ ಬಳಿಯೂ ಬೂದಿಯ ಹೊರತು ಬೇರೇನಿರಲಿಲ್ಲ. ನಷ್ಟದ ಒಂದು ಪಾಲನ್ನು ನಾಡಿನ ಎಲ್ಲ ಪ್ರಾಂತ್ಯಗಳ ನಿಧಿ ಹೊತ್ತುಕೊಂಡದ್ದರಿಂದ ತಪ್ಪಿನ ವಿಚಾರಣೆ ಬೇರೆ, ಸಂತ್ರಸ್ತರ ಹಸಿವು-ಸೂರಿನ ವಿಚಾರ ಬೇರೆ ಎಂದಾಯಿತು. ತಪ್ಪಿನ ವಿಚಾರಣೆ ನ್ಯಾಯಾಲಯದಲ್ಲಿ ನಡೆಯಿತು. 2017ರ ನವೆಂಬರ್‌ನಲ್ಲಿ ನೀಗಾತಾ ಜಿಲ್ಲಾ ನ್ಯಾಯಾಲಯದ ತಾಕಾದಾ ಶಾಖೆ ಹೋಟೆಲ್ ಮಾಲೀಕರಿಗೆ ಮೂರು ವರ್ಷ ಸೆರೆವಾಸ ವಿಧಿಸಿ, ಅದನ್ನು ಐದು ವರ್ಷ ಅಮಾನತಿನಲ್ಲಿಟ್ಟಿತು. ಆ ಹೊತ್ತಿಗೆ ಸಂತ್ರಸ್ತರು ತೀರ್ಪಿನ ದಾರಿ ಕಾಯುತ್ತ ಕೂರಬೇಕಾದ ಸ್ಥಿತಿಯಲ್ಲಿರಲಿಲ್ಲ.

ಕೇಂದ್ರದ ಅಗ್ನಿಶಾಮಕ ಇಲಾಖೆ ತಜ್ಞರ ಸಮಿತಿಯೊಂದನ್ನು ನೇಮಿಸಿತು, 2017ರ ಮೇ ತಿಂಗಳಲ್ಲಿ ವರದಿ ಬಂತು. ಯಾರದು ತಪ್ಪು ಎಂಬುದಕ್ಕಿಂತ ಎಲ್ಲೆಲ್ಲಿ ತಡವಾಯಿತು ಎಂಬುದರ ಕಡೆ ಅದರ ಗಮನ. ಮರದ ಮನೆಗಳು ಒತ್ತಾಗಿರುವ ಪೇಟೆಗಳನ್ನು ಮೊದಲೇ ಗುರುತಿಸಿಡಬೇಕು. ಗಾಳಿ ಜೋರಿರುವ ದಿನ ಬೆಂಕಿ ಬೆಳೆಯುವ ತನಕ ಕಾಯದೆ ನೆರೆ ಊರುಗಳ ನೆರವು ಕೇಳಬೇಕು. ಉರಿಯುವ ಮನೆಯ ಎದುರು ನಿಲ್ಲುವ ತಂಡದಷ್ಟೇ, ಗಾಳಿಯ ದಾರಿಯಲ್ಲಿ ದೂರ ನಿಂತು ಹಾರುವ ಕೆಂಡ ಕಾಯುವ ತಂಡವೂ ಮುಖ್ಯ. ನಲ್ಲಿ ನೀರು ಸಾಲದಿದ್ದರೆ ಮುಂದೇನು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಮಿಕ್ಸರ್ ಲಾರಿಗಳ ಉಪಾಯವನ್ನು ಆ ದಿನ ಪರಿಸ್ಥಿತಿಯೇ ಕಲಿಸಿತ್ತು. ಇಂಥ ಏರ್ಪಾಡು ಕಾಗದದ ಮೇಲೆ ಮೊದಲೇ ಇರಲಿ ಎಂಬುದು ಸಮಿತಿಯ ಆಶಯ.

ಆಮೇಲೆ ಸರ್ಕಾರ ಇಳಿದದ್ದು ಅಡುಗೆಮನೆಗೆ. ಮನೆಬಳಕೆಯ ಗ್ಯಾಸ್ ಒಲೆಗಳಿಗೆ, ಬಿಸಿ ಮಿತಿಮೀರಿದರೆ ತಾನಾಗಿ ಆರುವ ಸಾಧನ ಜಪಾನಿನಲ್ಲಿ 2008ರಿಂದ ಕಡ್ಡಾಯ. ಹೋಟೆಲಿನ ಒಲೆಗಳಿಗೆ ಆ ನಿಯಮವಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಇಡಬೇಕೆಂಬ ನಿಯಮವಿದ್ದದ್ದೂ 150 ಚದರ ಮೀಟರಿಗಿಂತ ದೊಡ್ಡ ಹೋಟೆಲುಗಳಿಗೆ ಮಾತ್ರ. ಗಂಡ ಹೆಂಡತಿ ಸೇರಿ ನಡೆಸುವ ನಾಲ್ಕು ಮೇಜಿನ ಹೋಟೆಲಿಗೆ ಎರಡೂ ಅನ್ವಯಿಸುತ್ತಿರಲಿಲ್ಲ. ಹಳೆಯ ಪೇಟೆಗಳ ತುಂಬ ಇರುವುದು ಅಂಥವೇ. 2018ರಲ್ಲಿ ಆದೇಶಕ್ಕೆ ತಿದ್ದುಪಡಿಯಾಯಿತು. 2019ರ ಅಕ್ಟೋಬರ್ 1ರಿಂದ, ಒಲೆ ಉರಿಸುವ ಪ್ರತಿ ಹೋಟೆಲೂ, ಎಷ್ಟೇ ಚಿಕ್ಕದಿರಲಿ, ಸಿಲಿಂಡರ್ ಇಡಲೇಬೇಕು. ಒಲೆಗಳಿಗೆ ಸುರಕ್ಷಾ ಸಾಧನ ಅಳವಡಿಸಿಕೊಂಡವರಿಗೆ ಮಾತ್ರ ವಿನಾಯಿತಿ. ಇಟೊಯಿಗಾವಾದ ಒಂದು ಪಾತ್ರೆಯಿಂದಾಗಿ ಒಕಿನಾವಾದಿಂದ ಹೊಕ್ಕೈಡೊವರೆಗಿನ ಸಣ್ಣ ಸಣ್ಣ ನೂಡಲ್ಸ್ ಅಂಗಡಿಗಳ ಗೋಡೆಗೆ ಕೆಂಪು ಸಿಲಿಂಡರ್ ಬಂತು.

ಖಾಲಿ ಕಟ್ಟಡದಲ್ಲಿ ಬೆಂಕಿ ಬಿದ್ದರೆ ಗಂಟೆ ಬಾರಿಸಿಯೂ ಉಪಯೋಗವಿಲ್ಲ, ಕೇಳಲು ಯಾರೂ ಇರುವುದಿಲ್ಲ. ಈ ಕೊರತೆ ನೀಗಿಸಲು ಅಗ್ನಿಶಾಮಕ ಇಲಾಖೆ ಇಟೊಯಿಗಾವಾವೂ ಸೇರಿ ಕೆಲವು ಊರುಗಳಲ್ಲಿ ಹೊಸ ಪ್ರಯೋಗ ಮಾಡಿತು. ಒಂದು ಮನೆಯ ಹೊಗೆ ಸೂಚಕ ಸದ್ದು ಮಾಡಿದರೆ ತಂತಿಯಿಲ್ಲದೆಯೇ ನೆರೆಮನೆಯ ಸೂಚಕವೂ ಕೂಗುತ್ತದೆ. ನೂರಾರು ವರ್ಷಗಳಿಂದ ಕೇರಿಯ ಜನ ಬಾಗಿಲು ಬಡಿದು ಮಾಡುತ್ತಿದ್ದ ಕೆಲಸವನ್ನು ಈಗ ಯಂತ್ರವೂ ಹಂಚಿಕೊಳ್ಳುತ್ತದೆ.

ಕಟ್ಟಡ ಕಾಯ್ದೆಯೂ ಬದಲಾಯಿತು. ನಿಲ್ದಾಣದ ಉತ್ತರದ ಪೇಟೆಯನ್ನು ಅಗ್ನಿ ನಿಯಂತ್ರಣ ವಲಯವೆಂದು 1960ರಲ್ಲೇ ಘೋಷಿಸಲಾಗಿತ್ತು. ಆದರೆ ನಿಯಮ ಹೊಸ ಕಟ್ಟಡಗಳಿಗೆ ಮಾತ್ರ. ಅದಕ್ಕಿಂತ ಹಳೆಯ ಮನೆಗಳು ಹಾಗೆಯೇ ಇದ್ದವು. ಚಿಕ್ಕ ನಿವೇಶನದಲ್ಲಿ ಹೊಸ ನಿಯಮದಂತೆ ಕಟ್ಟಿದರೆ ಮನೆ ಇನ್ನೂ ಚಿಕ್ಕದಾಗುತ್ತದೆ ಎಂಬ ಅಂಜಿಕೆ ಅವುಗಳ ಮಾಲೀಕರದು. ಬೆಂಕಿ ಆರಿದ ಮೇಲೆ ಸುಟ್ಟ ಬಯಲಿನ ನಡುವೆ ಒಂದು ಮನೆ ಮಾತ್ರ ನಿಂತಿತ್ತು. ಗೋಡೆಗೂ ಮಾಡಿಗೂ ಸುಲಭವಾಗಿ ಉರಿಯದ ಸಾಮಗ್ರಿ ಬಳಸಿದ್ದೇ ಅದು ಉಳಿಯಲು ಕಾರಣವಾಯಿತು. ನೋಡಿದವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. 2018ರ ಕಟ್ಟಡ ಕಾಯ್ದೆಯ ತಿದ್ದುಪಡಿ, ಇಂಥ ವಲಯಗಳಲ್ಲಿ ಬೆಂಕಿ ತಾಳುವಂತೆ ಮನೆ ಮರುಕಟ್ಟುವವರಿಗೆ ನಿವೇಶನದ ಶೇ. 10ರಷ್ಟು ಹೆಚ್ಚು ಜಾಗದಲ್ಲಿ ಕಟ್ಟಲು ಅವಕಾಶ ಕೊಟ್ಟಿತು. ದಂಡದ ಭಯಕ್ಕಿಂತ ಒಂದು ಕೋಣೆಯ ಆಸೆ ಹಳೆಯ ಮನೆಗಳನ್ನು ಬೇಗ ಬದಲಾಯಿಸಬಹುದೆಂಬುದು ಇಲ್ಲಿನ ಲೆಕ್ಕಾಚಾರ.

ಇಟೊಯಿಗಾವಾದಲ್ಲಿ ಮೇಯರ್ ತೊರು ಯೊನೆದಾ ಅವರ ಆಡಳಿತ 2017ರ ಆಗಸ್ಟ್‌ನಲ್ಲಿ ಪುನರ್ನಿರ್ಮಾಣ ಯೋಜನೆ ಹೊರತಂದಿತು. ಇದು ಆ ಪೇಟೆ ಕಂಡ ಮೊದಲ ಬೆಂಕಿಯೇನಲ್ಲ. 1911, 1928, 1932ರಲ್ಲೂ ಊರು ಸುಟ್ಟಿತ್ತು, ಪ್ರತಿ ಬಾರಿಯೂ ಮೊದಲಿದ್ದಂತೆಯೇ ಎದ್ದಿತ್ತು. ಈ ಸಲ ರಸ್ತೆ ಅಗಲವಾಯಿತು, ನೆಲದಡಿ ದೊಡ್ಡ ನೀರಿನ ತೊಟ್ಟಿ ಬಂತು. ಒಂಟಿಯಾದ ಹಿರಿಯರಿಗಾಗಿ ನಗರಾಡಳಿತ ಬಾಡಿಗೆ ವಸತಿ ಕಟ್ಟಿಸಿತು. ಮುಖ್ಯ ಬೀದಿಯಲ್ಲಿ ಗಾಂಗಿ ಸಾಲು ಮತ್ತೆ ಎದ್ದಿತು. ನೆರೆಯ ತೊಯಾಮಾದ ಇನ್ನೊಂದು ಸಾಕೆ ಮನೆಯ ಆಸರೆಯಲ್ಲಿ ಮದ್ಯ ತಯಾರಿಸಿಕೊಂಡಿದ್ದ ಕಾಗಾನೊಇ 2018ರಲ್ಲಿ ತನ್ನ ಹಳೆಯ ಜಾಗಕ್ಕೆ ಮರಳಿತು. 2020ರ ಏಪ್ರಿಲ್‌ನಲ್ಲಿ ‘ಕಿತಾರೆ’ ಎಂಬ ಸಾರ್ವಜನಿಕ ಅಂಗಳ ತೆರೆಯಿತು. ಎಲ್ಲರೂ ಮರಳಲಿಲ್ಲ. ಎಪ್ಪತ್ತು ದಾಟಿದ, ಅಂಗಡಿ ಮುಂದುವರಿಸಲು ಮಕ್ಕಳಿಲ್ಲದ ವ್ಯಾಪಾರಿಗೆ ಸರ್ಕಾರದ ಹಣ ಸೂರು ಕೊಡಬಲ್ಲದೇ ಹೊರತು ಗಿರಾಕಿಗಳನ್ನಲ್ಲ. ಕೆಲವು ನಿವೇಶನಗಳು ಖಾಲಿಯೇ ಉಳಿದವು.

ಕಾಯ್ದೆಯ ಪ್ರಶ್ನೆಯೂ ಪೂರ್ತಿ ಬಗೆಹರಿದಿಲ್ಲ. ಜೀವನ ಪುನರ್ನಿರ್ಮಾಣ ಕಾಯ್ದೆಗೆ ಬೆಂಕಿಯನ್ನು ಯಾರೂ ಸೇರಿಸಲಿಲ್ಲ. ಅಂದು ಸಂತ್ರಸ್ತರ ಕೈಹಿಡಿದದ್ದು ದಾಶಿ ಗಾಳಿಯ ವೇಗ. ಗಾಳಿ ಬೀಸದ ದಿನ, ಇಂಥದೇ ಪೇಟೆಯಲ್ಲಿ, ಇಂಥದೇ ಒಲೆಯಿಂದ ನೆರೆಮನೆ ಸುಟ್ಟರೆ ಆ ಮನೆಯವರಿಗೆ 30 ಲಕ್ಷ ಯೆನ್ ಇಲ್ಲ. ಅವರ ಪಾಲಿಗೆ ಇಂದಿಗೂ ಇರುವುದು 1899ರ ಕಾಯ್ದೆ ಮತ್ತು ತಾವೇ ಮಾಡಿಸಿಕೊಂಡ ವಿಮೆ.